ನಾಲ್ಕು ಬೆರಳು

ಸಾರವೆ ಬಿಚ್ಚಿದ ದಿನ ಗೊತ್ತಾಯಿತು.
ಆಂದ್ರಹಳ್ಳಿ ಮುಖ್ಯರಸ್ತೆಯಿಂದ ಮೂರನೇ ತಿರುವು,
ಇಪ್ಪತ್ತು ಮೂವತ್ತರ ಸೈಟು.
ಎದುರಿನ ಅಂಗಡಿ ಕಟ್ಟೆ ಹತ್ತಿ ನೋಡಿದೆ:
ಬಲಗಡೆ ಕಿಟಕಿಗಿಂತ ಎಡಗಡೆಯದು
ನಾಲ್ಕು ಬೆರಳು ಕೆಳಗೆ.

ಇಪ್ಪತ್ತಾರು ವರ್ಷ ಕೊರಳಿಗೆ ಟೇಪು ಹಾಕಿಕೊಂಡವಳು ನಾನು.
ಭುಜ ಕಾಲಿಂಚು ಏರುಪೇರಿದ್ದರೂ
ಗಿರಾಕಿ ಹೊಸಿಲು ದಾಟುವ ಮೊದಲೇ ಕಂಡುಹಿಡಿಯುವವಳು.
ನನ್ನ ಮನೆಗೇ ಹೀಗೆ.

ಮೇಸ್ತ್ರಿ ಚೌರಪ್ಪ ನೀರಿನ ಪೈಪು ತರಿಸಿದ.
ಆ ತುದಿಗೆ ಹುಡುಗ, ಈ ತುದಿಗೆ ಅವನು,
ಪೈಪಿನೊಳಗೆ ನೀರು ಅಲುಗಾಡಿ ಅಲುಗಾಡಿ ನಿಂತಿತು.
ನೀರು ಸುಳ್ಳು ಹೇಳಲಿಲ್ಲ.
ಅವನು ಹೇಳಿದ:
“ರೋಡು ಇಳಿಜಾರಲ್ವ ಅಕ್ಕ, ಹಂಗ್ ಕಾಣುತ್ತೆ.”
ಆಮೇಲೆ: “ಪಕ್ಕದ ಸೈಟಲ್ಲಿ ಮನೆ ಎದ್ದರೆ ಯಾರಿಗೂ ಕಾಣಲ್ಲ.”
ಪಕ್ಕದ ಮನೆ ಎದ್ದರೆ ನನ್ನ ಮುಂಭಾಗ ಹೇಗಪ್ಪ ಮುಚ್ಚುತ್ತೆ
ಅಂದದ್ದಕ್ಕೆ ತಲೆಯ ಟವಲು ಬಿಚ್ಚಿ ಮತ್ತೆ ಸುತ್ತಿಕೊಂಡ.

“ಒಡೆಸಮ್ಮ” ಎಂದಳು ಮಗಳು.
ಕಿಟಕಿ ಒಡೆದರೆ ಲಿಂಟಲ್, ಲಿಂಟಲ್ ಒಡೆದರೆ ಸಜ್ಜೆ,
ಸಜ್ಜೆ ಒಡೆದರೆ ಇನ್ನೊಂದು ಚೀಟಿ ಎತ್ತಬೇಕು.
ಬಟ್ಟೆಯಾದರೆ ಬ್ಲೇಡಿನ ಮೂಲೆಯಿಂದ
ಉಸಿರು ಹಿಡಿದು ಹೊಲಿಗೆ ಬಿಚ್ಚಬಹುದು.
ಸಿಮೆಂಟಿಗೆ ದಾರವೇ ಇಲ್ಲ.

ಬಾಕಿ ಹದಿನೆಂಟು ಸಾವಿರ ನಾನು ಕೊಡಲಿಲ್ಲ,
ಅವನು ಕೇಳಲಿಲ್ಲ.
ಒಂಬತ್ತು ದಿನ ಎಂ-ಸ್ಯಾಂಡಿನ ಗುಡ್ಡೆಯ ಮೇಲೆ
ಬೀದಿನಾಯಿ ಮರಿ ಹಾಕಿಕೊಂಡು ಮಲಗಿತ್ತು.

ಹತ್ತನೇ ರಾತ್ರಿ, ಯಾಕೋ,
ಸುಂಕದಕಟ್ಟೆಯ ಟೀಚರಮ್ಮನ ರವಿಕೆ ನೆನಪಾಯಿತು.
ಬೆಳಗಾದರೆ ಅವರ ಮಗನ ಧಾರೆ.
ಒಂದು ತೋಳು ಗಿಡ್ಡ ಕತ್ತರಿಸಿಬಿಟ್ಟಿದ್ದೆ,
ತುಂಡು ಬಟ್ಟೆಯೂ ಮಿಕ್ಕಿರಲಿಲ್ಲ.
ಒಂದಕ್ಕೆ ಅಗಲ, ಒಂದಕ್ಕೆ ಕಿರಿದು ಜರಿಪಟ್ಟಿ ಕೊಟ್ಟು
“ಈಗ ಇದೇ ಓಡ್ತಿರೋದು ಮೇಡಂ” ಅಂದಿದ್ದೆ.
ಪಟ್ಟಿಗೂ ದುಡ್ಡು ಹಾಕಿದ್ದೆ.

ಬೆಳಿಗ್ಗೆ ಚೌರಪ್ಪನನ್ನು ಕರೆಸಿ
ಬಟ್ಟೆ ಗುರುತಿನ ಸೀಮೆಸುಣ್ಣದಲ್ಲೇ ಗೋಡೆಗೆ ಗೀಟೆಳೆದೆ:
ಎಡಕ್ಕೆ ಮೇಲೆ ದಪ್ಪ ಪಟ್ಟಿ,
ಬಲಕ್ಕೆ ಕೆಳಗೆ.
ಚೌಕಟ್ಟು ಎರಡೂ ಸಮ.
ಬಹಳ ಹೊತ್ತು ನೋಡಿದ.
“ನಂಗಿದು ಹೊಳೀಲಿಲ್ವಲ್ಲಕ್ಕ.”
ನನಗೆ ಹೊಳೆದದ್ದು ಹೇಗೆಂದು ನಾನು ಹೇಳಲಿಲ್ಲ.
ಗಾರೆ ಒಣಗಿದ ಮೇಲೆ ಹದಿನೈದು ಸಾವಿರ ಎಣಿಸಿ ಕೊಟ್ಟೆ.
ಮೂರು ಹಿಡಿದುಕೊಂಡೆ,
ಪಟ್ಟಿಯ ಬಾಬ್ತು.

ಈಗ ರಸ್ತೆಯಲ್ಲಿ ಹೋಗುವವರು
ಪೇಂಟು ಯಾವ ಕಂಪನಿ ಎಂದು ಕೇಳುತ್ತಾರೆ.
ಒಳಗೆ ಮಾತ್ರ, ಸಂಜೆ ಐದರ ಹೊತ್ತಿಗೆ
ನೆಲದ ಮೇಲೆ ಎರಡು ತುಂಡು ಬಿಸಿಲು ಬೀಳುತ್ತದೆ,
ಒಂದು ಗಿಡ್ಡ.
ಹೊಲಿಗೆ ಮಿಷನ್ನನ್ನು
ಅದರ ಪಕ್ಕಕ್ಕೇ ಎಳೆದುಕೊಂಡಿದ್ದೇನೆ.