ಗಂಟೆ ಇಳಿಸುವುದು

ವಿಮಾನ ಇಳಿಸುವುದು ನನಗೆ ಗೊತ್ತು.
ಇಪ್ಪತ್ತೆರಡು ವರ್ಷದಿಂದ ಇಳಿಸುತ್ತಿದ್ದೇನೆ,
ಮಳೆಯಲ್ಲಿ, ಮಬ್ಬಿನಲ್ಲಿ, ಮರಳುಗಾಳಿಯಲ್ಲಿ,
ಒಮ್ಮೆ ದಮ್ಮಾಮಿನಲ್ಲಿ, ಒಂದೇ ಎಂಜಿನ್ನಿನಲ್ಲಿ.
ಗಂಟೆ ಇಳಿಸುವುದು ಮಾತ್ರ
ಈ ಸುಗ್ಗಿಯಲ್ಲಿ ಕಲಿತದ್ದು.

ತಿಂಗಳ ಇಪ್ಪತ್ತೈದಕ್ಕೆ ರೋಸ್ಟರ್ ಬರುತ್ತದೆ.
ಎಂಬತ್ತೇಳು ಗಂಟೆ. ಫೋನಿನ ತುಂಬ ನೀಲಿ ಪಟ್ಟಿ:
ಶಾರ್ಜಾ, ಶಾರ್ಜಾ, ಮಸ್ಕತ್ತು,
ಮುಂಬಯಿಗೆ ಹೋಗಿ ಬಂದು ಮತ್ತೆ ಶಾರ್ಜಾ.
ಹೊಸ ನಿಯಮವಂತೆ,
ಬೇಡದ ಟ್ರಿಪ್ಪಿನ ಮೇಲೆ ಬೆರಳಿಟ್ಟು ಒತ್ತಿದರೆ
ಅದು ಕೊಳಕ್ಕೆ ಬೀಳುತ್ತದೆ.
ಬೇಕಾದವರು ಹೆಕ್ಕಿಕೊಳ್ಳುತ್ತಾರೆ.
ಸಂಬಳವೂ ಅಷ್ಟಕ್ಕಷ್ಟು ಇಳಿಯುತ್ತದೆ.

ಹದಿನಾಲ್ಕರ ಮೇಲೆ ಬೆರಳಿಟ್ಟೆ.
ಕಾರಣ ಎಂಬ ಖಾಲಿ ಚೌಕ.
ಮನೆಯಲ್ಲಿ ಯಾರಿಗೂ ಜ್ವರವಿಲ್ಲ,
ಮದುವೆಯಿಲ್ಲ, ಸೂತಕವಿಲ್ಲ.
‘ಸ್ವಂತ’ ಎಂದು ಬರೆದೆ.
ಗಂಡ ಮಂಜುಗಡ್ಡೆ ಕಾರ್ಖಾನೆಯಿಂದ ಬಂದವನು
ಕೈ ಒರೆಸುತ್ತ ಕೇಳಿದ್ದು ಒಂದೇ:
‘ಕಾರಿನ ಕಂತು ಇನ್ನೆಷ್ಟುಂಟು?’

ಬಿಟ್ಟ ಟ್ರಿಪ್ಪಿನ ರಾತ್ರಿ
ಒಂದೂ ಹತ್ತಕ್ಕೆ ಅಲಾರಂ ಇಲ್ಲದೆ ಎದ್ದೆ.
ಕಂಪನಿಯ ಕಾರು ತಲಪಾಡಿ ಟೋಲ್ ದಾಟುವ ಹೊತ್ತು.
ಗ್ಯಾಸಿನ ನಾಬು ಮುಟ್ಟಿ ಬಾಯಿಬಿಟ್ಟು ‘ಆಫ್’ ಎಂದೆ.
ನಲ್ಲಿ, ಆಫ್.
ಹಿತ್ತಿಲ ಬಾಗಿಲು, ಲಾಕ್.
ಮರುನುಡಿಯಲು ಪಕ್ಕದಲ್ಲಿ ಯಾರೂ ಇಲ್ಲ.
ಬೆಕ್ಕು ಮಾತ್ರ ಎದ್ದು
ಮೈಮುರಿದು ಮತ್ತೆ ಮಲಗಿತು.

ಕುಂಜತ್ತೂರಿನ ಶಾಲೆಯಲ್ಲಿ ನಮಗೆ ಗಂಟೆಯೆಂದರೆ
ಮಾವಿಗೆ ತೂಗಿದ ರೈಲುಕಂಬಿಯ ತುಂಡು.
ಬಾರಿಸುವವರು ಐತಪ್ಪಣ್ಣ.
ಒಂದು ಬೇಸಗೆ ಕೊಂಬೆ ಒಣಗಿತೆಂದು
ಗಂಟೆಯನ್ನು ಇಳಿಸಿದರು.
ಮೂರು ಜನ ಹಿಡಿದು ಜಗಲಿಯಲ್ಲಿಟ್ಟ ಮೇಲೂ
ಕಿವಿ ತಾಗಿಸಿದರೆ
ಒಳಗೆಲ್ಲೋ ಸಣ್ಣಗೆ ಗುಂಯ್ ಎನ್ನುತ್ತಿತ್ತು.
ಈಗ ಅಲ್ಲಿ ಕರೆಂಟಿನ ಬೆಲ್ಲು.

ಬೆಳಿಗ್ಗೆ ಅಳಿವೆಯಲ್ಲಿ ಇಳಿತ.
ಬೀಫಾತುಮ್ಮ, ಗಿರಿಜಕ್ಕ
ಮೊಣಕಾಲು ನೀರಲ್ಲಿ ಮರುವಾಯಿ ಹೆಕ್ಕುತ್ತಿದ್ದರು.
ಕಣ್ಣಿಂದಲ್ಲ, ಕಾಲ ಬೆರಳಿಂದ ನೋಡುತ್ತಾರೆ ಅವರು.
ಈ ಹೊಳೆಬಾಯಿಯನ್ನು
ಆರು ಸಾವಿರ ಅಡಿಯಿಂದ ಎಷ್ಟೋ ಸಲ ಕಂಡಿದ್ದೆ:
ಯಾರೋ ಉಗುರಿಂದ ಗೀಚಿದ ಹಾಗೆ.
ಸೀರೆ ಎತ್ತಿಕಟ್ಟಿ ನಾನೂ ಇಳಿದೆ.
ಕೆಸರು ಬೆಚ್ಚಗಿತ್ತು.

‘ಕ್ಯಾಪ್ಟನಮ್ಮ, ನೀವು ಬಿಟ್ಟದ್ದು
ಹೋಗಲೇ ಇಲ್ವಾ ಹಾಗಾದ್ರೆ?’
‘ಹೋಯ್ತು. ಬೇರೆಯವರು ಕೊಂಡುಹೋದ್ರು.’
‘ಹೌದಲ್ಲ, ಅದರಲ್ಲೇ ಅಲ್ವಾ ನಮ್ಮ ಅಶ್ಕರ್ ಹೋದದ್ದು.’
ಎರಡು ವರ್ಷಕ್ಕೆ ನಲವತ್ತು ದಿನ ರಜೆ.
ಮಗು ಅಪ್ಪ ಎನ್ನಲು ಕಲಿತದ್ದು
ಮೂವತ್ತೆಂಟನೆಯ ದಿನ.
‘ನಿಮ್ಮ ಫೋನಲ್ಲಿ ಉಂಟಲ್ಲ, ಒತ್ತಿದ್ರೆ ಬೀಳುವುದು,
ಅದು ಅವನ ಫೋನಿಗೂ ಬರ್ತದಾ?’
ಕುಟುಕಿದ್ದಲ್ಲ ಅದು.
ಬಸ್ಸಿನ ಹೊತ್ತು ಕೇಳಿದ ಹಾಗೆ ಕೇಳಿದ್ದು.
ಮರುವಾಯಿ ಸಿಕ್ಕಿದವಳಂತೆ ಬಾಗಿದೆ.
ಕೈಗೆ ಬಂದದ್ದು ಬರಿ ಚಿಪ್ಪು.

ನನ್ನ ಟ್ರಿಪ್ಪು ಹೆಕ್ಕಿದವರು ಕ್ಯಾಪ್ಟನ್ ಎಲ್ದೋ.
ಸಂಜೆ ಮೆಸೇಜು:
‘ಥ್ಯಾಂಕ್ಸ್ ಮೇಡಂ. ಮಗಳ ಫೀಸಿತ್ತು.’
ಹೆಬ್ಬೆರಳಿನ ಚಿತ್ರ ಕಳಿಸಿದೆ.
ಉಗುರಲ್ಲಿ ಇನ್ನೂ ಕೆಸರು.

ಮುಂದಿನ ತಿಂಗಳು ಅರುವತ್ತೊಂದಕ್ಕೆ ತಂದೆ.
ನಿದ್ದೆಯೂ ಸ್ವಲ್ಪ ಸ್ವಲ್ಪ ಬರುತ್ತಿದೆ,
ಕಡವಿನ ದೋಣಿಯ ಹಾಗೆ, ತನಗೆ ತೋಚಿದಾಗ.
ಆದರೂ ಎರಡೂ ನಲವತ್ತಕ್ಕೆ
ಅಂಗಳದಲ್ಲಿರುತ್ತೇನೆ.
ಬಜ್ಪೆ ಗುಡ್ಡದಿಂದ ಎದ್ದು
ಕಡಲ ಮೇಲೆ ಸಾಗುತ್ತದೆ ನಾನು ಬಿಟ್ಟದ್ದು.
ಇಲ್ಲಿಗೆ ಕಾಣುವುದು ಎಡರೆಕ್ಕೆಯ ಕೆಂಪು ದೀಪ,
ಕ್ಯಾಪ್ಟನ್ ಕೂರುವ ಬದಿ.

ಸದ್ದು ತಡವಾಗಿ ಬರುತ್ತದೆ,
ದೀಪ ಹೋದ ಮೇಲೆ.

ಬೇಲಿಯಾಚೆ ಬೀಫಾತುಮ್ಮನೂ ನಿಂತಿರುತ್ತಾರೆ.
ಮರುವಾಯಿ ನೆನೆಹಾಕಿದ ನೀರು
ಬದಲಿಸಲು ಎದ್ದೆ ಎನ್ನುತ್ತಾರೆ.
ನಲ್ಲಿ ನಿಲ್ಲಿಸಿದ್ದೇನಾ ಎಂದು
ನೋಡಲು ಎದ್ದೆ ಎನ್ನುತ್ತೇನೆ ನಾನು.