ಪೈಪಿನಲ್ಲಿ ಉಳಿದ ಗಾಳಿ

ಮೊದಲು ಕೂತುಕೋ ಯಕ್ಷಿತಾ, ಮೊಳೆ ಹೊಡೆಯುವುದು ಆಮೇಲೆ.
ಚಾ ಬರಲಿಕ್ಕುಂಟು.
ಅಷ್ಟರೊಳಗೆ ಟ್ಯಾಂಕಿಯ ಹೊಟ್ಟೆಯಡಿ ಕೈ ಹಾಕಿ
ಆ ಹಿತ್ತಾಳೆ ತಿರುಪು ಬಿಡಿಸು, ಮೆಲ್ಲ.
ನೋಡು, ಹೇಗೆ ಸೀನುತ್ತದೆ, ಹೇಗೆ ಉಗುಳುತ್ತದೆ ಕಂದು ನೀರು.
ನಿನ್ನೆ ಸಂಜೆಯೇ ಬಸಿಯಬೇಕಿತ್ತು. ಲಿಗೋರಿ ಮರೆತ.
ಬೈಕಂಪಾಡಿಯ ಗಾಳಿ ಇದು ಮಾರಾಯ್ತಿ,
ಅರ್ಧ ಗಾಳಿ, ಅರ್ಧ ಪಣಂಬೂರಿನ ಕಡಲು.
ಬಸಿಯದೆ ಬಿಟ್ಟರೆ ಪೈಪು ಹಿಡಿದುಕೊಂಡು ಬಂದು
ಗನ್ನಿನ ಗಂಟಲಿಗಿಳಿದು
ಒಳಗೊಳಗೇ ತುಕ್ಕು.

ಎಣ್ಣೆ ಇಲ್ಲಿ, ಪೈಪು ಸಿಕ್ಕಿಸುವ ಬಾಯಿಗೆ,
ಐದು ತೊಟ್ಟು. ಆರಾದರೂ ಅಡ್ಡಿಯಿಲ್ಲ.
ತೆಂಗಿನೆಣ್ಣೆ ಅಲ್ಲ!
ಸಫ್ವಾನ ಒಮ್ಮೆ ಅದನ್ನೇ ಬಿಟ್ಟಿದ್ದ:
ಎರಡು ದಿನ ಇಡೀ ಶೆಡ್ಡು ಬಂಗುಡೆ ಹುರಿಯುವ ಅಡಿಗೆಮನೆ,
ಮೂರನೆಯ ದಿನ ಎಣ್ಣೆ ಅಂಟಾಗಿ
ಪಿಸ್ಟನ್ನು ಮುಷ್ಕರ ಹೂಡಿತು.

ಮುಳ್ಳು ಆರರಲ್ಲಿ ನಿಲ್ಲಬೇಕು.
ಏಳು ಬೇಕಾದರೆ ನನ್ನನ್ನು ಕೇಳು.
ಎಂಟು ಎಂಬ ಅಂಕಿಯೇ ಇಲ್ಲ ಅಂದುಕೋ.
ಶಾಲು ಬಿಗಿದು ಕಟ್ಟು.
ಕನ್ನಡಕ ಹಾಕು, ಹಣೆಗಲ್ಲ, ಕಣ್ಣಿಗೆ.
ನಡೆಯುವಾಗ ಬೆರಳು ಕುದುರೆಯ ಮೇಲೆ ಬೇಡ;
ಖಾಲಿ ಉಂಟೆಂದು ಯಾರ ಕಡೆಗೂ ತಮಾಷೆಗೆ ತಿರುಗಿಸಬೇಡ,
ಖಾಲಿಯೋ ಅಲ್ಲವೋ ಎಂದು
ಗನ್ನಿಗೂ ಗೊತ್ತಿರುವುದಿಲ್ಲ.

ರಬ್ಬರು ಮರದ ಹಲಗೆ ಮೆತ್ತಗೆ, ನಂಬಿಕಸ್ತ.
ಆದರೂ ಗಂಟು ಸಿಕ್ಕಿತೋ,
ಮೊಳೆ ಒಳಗೇ ಮನಸ್ಸು ಬದಲಾಯಿಸಿ
ಬದಿಯಿಂದ ಇಣುಕುತ್ತದೆ.
ಹಾಗಾಗಿ ಹಲಗೆ ಹಿಡಿದ ಎಡಗೈ ಒಂದು ಗೇಣು ದೂರ.
ನಿನ್ನ ಗೇಣಲ್ಲ, ನನ್ನ ಗೇಣು.
ಇಲ್ಲ, ತಡೆ. ನಿನ್ನದೇ ಆಗಲಿ.
ನನ್ನದು ಈಗ ಪೂರ್ತಿ ಬಿಚ್ಚುವುದಿಲ್ಲ.

ಕಿಟಕಿಗೆ ತೂಗಿದೆಯಲ್ಲ ಎಕ್ಸ್‌ರೇ, ಅದು ನನ್ನದೇ.
ಬಿಸಿಲು ಬಂದಾಗ ನೋಡು, ಈಗ ಸರಿ ಕಾಣುವುದಿಲ್ಲ.
ಆಟಿ ತಿಂಗಳು. ವಿಯೆಟ್ನಾಮಿಗೆ ಹೋಗುವ
ಗೋಡಂಬಿ ಯಂತ್ರಗಳಿಗೆ ಹದಿನೆಂಟು ಪೆಟ್ಟಿಗೆ,
ಮರುದಿನ ಹಡಗು.
ಮೂತಿಯ ಸ್ಪ್ರಿಂಗು ಒತ್ತಿದರೆ ಮಾತ್ರ ಸಿಡಿಯಬೇಕಲ್ಲ,
ಅದನ್ನು ಒತ್ತಿ ಹಿಡಿಯಲಿಕ್ಕೆ ಕಟ್ಟುತಂತಿ ಸುತ್ತಿದ್ದೆ, ಬೇಗ ಆಗಲಿ ಎಂದು.
ಸಾಹುಕಾರರು ಹೇಳಿದ್ದಲ್ಲ. ಅವರಿಗೆ ಗೊತ್ತೇ ಇರಲಿಲ್ಲ.
ನನಗೇ ಅವಸರ.

ಮೊಳೆ ಸಿಕ್ಕಿಬಿತ್ತು. ಅದೇ ಹೊತ್ತಿಗೆ ಕರೆಂಟು ಹೋಯಿತು.
ಮೆಷಿನು ನಿಂತಿತು, ಶೆಡ್ಡಿನ ತಗಡಿನ ಮೇಲೆ ಮಳೆ ಮಾತ್ರ.
ಟ್ಯಾಂಕಿಯ ಕೀಲಿಯನ್ನೂ ಮುಚ್ಚಿದೆ, ಅಷ್ಟು ಬುದ್ಧಿ ಇತ್ತು.
ಪೈಪು ಬಿಡಿಸಲಿಲ್ಲ.
ಇನ್ನೆಂತ, ಸತ್ತಿದೆಯಲ್ಲ ಎಂದು
ಮೂತಿಯನ್ನು ಅಂಗೈಗೆ ಆನಿಸಿಕೊಂಡು ಕೆದಕಿದೆ.
ಪೈಪಿನಲ್ಲಿ ಗಾಳಿ ಉಳಿದಿತ್ತು,
ಸರಿಯಾಗಿ ಒಂದು ಮೊಳೆಯಷ್ಟು.

ವೆನ್ಲಾಕಿನಲ್ಲಿ ಡಾಕ್ಟರು ಫಿಲ್ಮನ್ನು ಬೆಳಕಿಗೆ ಹಿಡಿದು,
"ಎರಡು ಮೂಳೆಯ ನಡುವೆ ಎಷ್ಟು ನೇರ,
ಯಾರಪ್ಪ ಮೇಸ್ತ್ರಿ?" ಅಂದರು.
ನಗು ಬಂತು. ಆಮೇಲೆ ವಾಂತಿ.
ಇಲ್ಲಿ ಸುಗಂಧಿ ಆ ವಾರ ಲೆಕ್ಕದ ಪುಸ್ತಕದಲ್ಲಿ
ಮೊಳೆ ಎಂದು ಬರೆಯಹೋಗಿ ಬರೆದಿದ್ದಳು:
ಮೂಳೆ, ಐವತ್ತು ಮಿಲಿಮೀಟರು, ಎರಡು ಪೆಟ್ಟಿಗೆ.
ಯಾರೂ ತಿದ್ದಲಿಲ್ಲ.

ನಾನು ತಂತಿ ಬಿಚ್ಚಿದೆ. ಅಷ್ಟೇ.
ಸ್ಪ್ರಿಂಗು ಒತ್ತಿ ನೋಡು: ತಾನಾಗಿ ಮುಂದೆ ಬಂತಲ್ಲ?
ಬಾರದ ದಿನ ಗನ್ನು ಕಪಾಟಿನಲ್ಲಿ,
ಹಡಗು ಬೇಕಾದರೆ ಕಾಯಲಿ.

ಹೋ, ಚಾ ಬಂತು, ಬನ್ಸೂ ಉಂಟು.
ಏಳಬೇಡ. ಕೈಯಲ್ಲಿ ಎಂತ ಉಂಟು ನೋಡಿಕೋ.
ಹ್ಞಾಂ, ಪೈಪು. ಆ ಉಂಗುರ ಹಿಂದಕ್ಕೆಳೆ.

ಪುಸ್ಸ್.

ಕೇಳಿತಾ?
ಅವತ್ತು ಇದ್ದದ್ದೂ ಇಷ್ಟೇ.
ಬನ್ಸ್ ಬಿಸಿ ಇರುವಾಗಲೇ ತಿನ್ನು.