ಬೇಲಿಯ ಗೆರೆಯಲ್ಲಿ ಅರ್ಧ ಮೇಣದಬತ್ತಿ

ಗ್ರಂಥಾಲಯದ ನೆಲಮಾಳಿಗೆ. ಗುರುವಾರ, ಸಂಜೆ ಏಳು.
ಪೆನ್ವಿಕ್ ಹಾರ್ಬರಿನ ವಿನ್ಯಾಸ ಪರಿಶೀಲನಾ ಸಮಿತಿ:
ಐದು ಕುರ್ಚಿ, ನಾಲ್ಕು ಜನ, ಒಂದು ಕೆಟ್ಟ ಹೀಟರು.
ನಡಾವಳಿ ಬರೆಯುವವಳು ನಾನು.
ಹದಿನಾರು ವರ್ಷದಿಂದ ಈ ಊರಿನ ಬಾಗಿಲುಗಳ ಬಣ್ಣವನ್ನು
ಮತಕ್ಕೆ ಹಾಕಿದ್ದೆಲ್ಲ ನನ್ನ ಕೈಬರಹದಲ್ಲಿದೆ.

ಅರ್ಜಿದಾರಳು ಡೆಲ್ಫಿನಾ ಅರೂಡ, ಮೀನಿನ ಹೋಟೆಲಿನವಳು.
ಕೇಳಿದ್ದು ಇಷ್ಟೇ: ಮೂರು ಕಾರು ನಿಲ್ಲುವಲ್ಲಿ ಎಂಟು ಮೇಜು,
ತಲೆಯ ಮೇಲೆ ಒಂದೆಳೆ ಬಲ್ಬು,
ಕಾರಿಗೂ ಸೂಪಿಗೂ ನಡುವೆ ರೋಸ್‌ಮೇರಿ ನೆಟ್ಟ ಪೀಪಾಯಿ.
ಛತ್ರಿಯ ಮೇಲೆ ಬಿಯರಿನ ಹೆಸರು ಕೂಡದು, ಅಂದರು.
ಸರಿ ಅಂದಳು.
ಪ್ಲಾಸ್ಟಿಕ್ ಕುರ್ಚಿ ಕೂಡದು.
ಅದಕ್ಕೂ ಸರಿ, ತುಸು ತಡವಾಗಿ.
ಬಲ್ಬು ಎರಡು ಸಾವಿರದ ಏಳುನೂರು ಕೆಲ್ವಿನ್ ದಾಟಬಾರದು,
ಅಂದ ಹಾಲಿಸ್ ಬೀಕ್‌ಮನ್.
"ಕೆಲ್ವಿನ್ ನನಗೆ ತಿಳಿಯದು.
ಬ್ರೆಡ್ಡು ಸೀಯುವ ಮೊದಲಿನ ಬಣ್ಣವೋ, ಸೀದ ಮೇಲಿನದೋ?"
ಬೀಕ್‌ಮನ್ ಯೋಚಿಸಿ, "ಮೊದಲಿನದು" ಅಂದ.
ನಾನು ಬರೆದೆ: ೨೭೦೦.

ಆಮೇಲೆ ಹಿಂದಿನ ಬಯಲು, ಕಾರು ನಿಲ್ಲಿಸುವುದು, ಅದರ ಮೂರು ಕಂಬ.
ಎಂಜಿನಿಯರು ನಕ್ಷೆ ಬಿಡಿಸಿದ.
ತುಂಬ ಅಂಕಿ, ಎಳೆ ಎಳೆಯುವ ಮುಂಚಿನ ರಂಗೋಲಿ ಚುಕ್ಕಿಯ ಹಾಗೆ:
ಎರಡು, ಒಂದೂವರೆ, ಅರ್ಧ, ಕಾಲು, ಸೊನ್ನೆ.
ಬೆಳಕನ್ನು ಇಲ್ಲಿ ಅಡಿ-ಮೇಣದಬತ್ತಿಯಲ್ಲಿ ಅಳೆಯುತ್ತಾರೆ,
ಮೇಣದಬತ್ತಿ ಹಚ್ಚಿ ಎಷ್ಟು ದಿನವಾಯಿತೋ ಅಳೆಯುವವರು.
ಬೇಲಿಯ ಗೆರೆಯಲ್ಲಿ ಅರ್ಧ;
ಅದರಾಚೆ ಒಂದು ಹನಿ ಚೆಲ್ಲಿದರೂ ತಪ್ಪು.
ದೀಪದ ಬುಡದಲ್ಲಿ ಕತ್ತಲೆ ಎಂಬ ಗಾದೆ ಈ ಊರಲ್ಲಿ ತಲೆಕೆಳಗು:
ಬುಡದಲ್ಲೇ ಬೆಳಕಿರಲಿ, ಸುತ್ತ ಕತ್ತಲೆ, ಎಂದು ಕಾಯಿದೆ.

ಬೇಲಿಯಾಚೆಯ ಓರಿನ್ ಪೆಲ್ಕಿ ಎದ್ದ.
ಮೊದಲು ದೋಣಿ ಎಂಜಿನ್ ರಿಪೇರಿಯವನು, ಈಗ ನಿದ್ದೆ ಬಾರದವನು.
ಜೇಬಿನಿಂದ ತೆಗೆದದ್ದು ಬೀನ್ಸ್ ಬೀಜದ ಪೊಟ್ಟಣ.
"ರಾತ್ರಿ ಒಂದಕ್ಕೆ, ನನ್ನ ದೀಪ ಹಾಕದೆ, ಮಂಚದಲ್ಲಿ ಮಲಗೇ ಓದಿದ್ದು,"
ಎಂದು ಕನ್ನಡಕ ಏರಿಸಿ, ಹಿಂಬದಿಯ ಸಣ್ಣಕ್ಷರ ಓದತೊಡಗಿದ:
ಒಂದಂಗುಲ ಆಳ. ನಾಲ್ಕಂಗುಲ ಅಂತರ.
ಹಿಮ ಕಳೆದ ಮೇಲೆ ಬಿತ್ತಿ.
ಯಾರೂ ನಗಲಿಲ್ಲ. ಅಧ್ಯಕ್ಷೆ ವಿನಿಫ್ರೆಡ್ ಸ್ಲೋಟ್
ಪೊಟ್ಟಣಕ್ಕೆ ದಾಖಲೆ ಮೂರು ಎಂದು ಗುರುತು ಹಾಕಿಸಿದಳು.

ಮೂರೂ ಕಂಬಕ್ಕೆ ಟೊಪ್ಪಿ. ಎತ್ತರ ಇಪ್ಪತ್ತರಿಂದ ಹನ್ನೆರಡಡಿ.
ಹತ್ತು ಗಂಟೆಗೆ ಆರಿಸುವುದು.
ಕೈ ಎತ್ತುವುದೊಂದೇ ಬಾಕಿ.

ಆಗ ಹಿಂದಿನ ಸಾಲಿನಿಂದ,
ಡೆಲ್ಫಿನಾಳನ್ನು ಮನೆಗೆ ಬಿಡಲು ಬಂದಿದ್ದ ಹುಡುಗಿ,
ಪಾತ್ರೆ ತೊಳೆಯುವ ನೆಲಿಡಾ ಬ್ಯಾರೋಸ್, ಮೈಕು ಹಿಡಿಯದೆ:
"ಆ ಸೊನ್ನೆ ಇದೆಯಲ್ಲ, ಮೂಲೆಯದು, ಅಲ್ಲಿ ನನ್ನ ಕಾರು ನಿಲ್ಲುತ್ತದೆ.
ಹತ್ತಿರದ್ದೆಲ್ಲ ಗಿರಾಕಿಗೆ.
ಹನ್ನೆರಡಕ್ಕೆ ಹೊರಡುತ್ತೇನೆ,
ಬೀಗದ ಕೈ ಬೆರಳ ಸಂದಿಗೆ ಸಿಕ್ಕಿಸಿ, ಚೂಪು ಹೊರಗೆ ಮಾಡಿ."
ಮುಷ್ಟಿ ತೋರಿಸಿದಳು.
ಸಣ್ಣ ಮುಷ್ಟಿ, ಸೋಪಿಗೆ ಬಿರಿದ ಗೆಣ್ಣು.

ನಡಾವಳಿಯಲ್ಲಿ: ಸಾರ್ವಜನಿಕ ಅಭಿಪ್ರಾಯ, ಒಂದು.

ಎಂಜಿನಿಯರು ಸೊನ್ನೆಯ ಮೇಲೆ ಪೆನ್ಸಿಲಿಟ್ಟು ಸುಮ್ಮನೆ ನಿಂತ.
ಕೊನೆಯವಳ ಕಾರು ಹೋಗುವ ತನಕ ಉರಿಯಲಿ, ಅಂದಳು ವಿನಿಫ್ರೆಡ್.
ಕಾರನ್ನು ಬರೆಯಲಾಗದು, ಗಂಟೆ ಬರೆಯಬೇಕು, ಅಂದ ಬೀಕ್‌ಮನ್.
ಅವನದೂ ಸರಿಯೇ.
ಹನ್ನೆರಡೂವರೆ ಆಯಿತು. ಒಂದು ಕಂಬ ಮೂಲೆಗೆ ಸರಿಯಿತು.
ಓರಿನ್ ಎಲ್ಲರಿಗಿಂತ ಮುಂಚೆ ಎದ್ದು ಹೋದ,
ಪೊಟ್ಟಣ ವಾಪಸು ಕೇಳಲಿಲ್ಲ.

ಆಗಸ್ಟಿನಲ್ಲಿ ಐದನೇ ಮೇಜಿಗೆ ಕೂತು ಸಾರ್ಡೀನು ತಿಂದೆ.
ಬೆಳಕು ಹೇಳಿದಷ್ಟೇ ಕೆಂಚು;
ಮುಳ್ಳು ಸರಿಯಾಗಿ ಕಾಣದೆ ನಾಲಗೆಯಿಂದ ಹುಡುಕಿದೆ.
ಹರಟೆ ಉದ್ದವಾಯಿತು. ಹನ್ನೆರಡೂವರೆಗೆ
ಕಂಬಗಳು ಒಟ್ಟಿಗೆ ಕಣ್ಣು ಮುಚ್ಚಿದವು, ಕಾಯಿದೆಯ ಪ್ರಕಾರ.
ಅಂದು ಜನ ಜಾಸ್ತಿ, ನೆಲಿಡಾ ತಡ.
ಬಾಗಿಲ ಬಳಿ ನಿಂತು ಕೈಚೀಲದಲ್ಲಿ ತಡಕಾಡುತ್ತಿದ್ದಳು.

ಬೇಲಿಯಾಚೆ ಒಂದು ಕಿಟಕಿ ಹೊತ್ತಿತು.
ಪರದೆ ಪೂರ್ತಿ ಸರಿಯಿತು.
ನೀರು ಕುಡಿಯಲು ಎದ್ದಿದ್ದನೋ ಏನೋ.
ಗೆರೆ ದಾಟಿ ಈಚೆ ಬಿದ್ದದ್ದು
ಅರ್ಧ ಮೇಣದಬತ್ತಿಗಿಂತ ಹೆಚ್ಚೇ ಇತ್ತು, ನೇರ ಆ ಮೂಲೆಗೆ.
ಕಾರು ಹೊರಟಿತು.
ಕಿಟಕಿ ಆರಲು ಇನ್ನೂ ಸ್ವಲ್ಪ ಹೊತ್ತು ಹಿಡಿಯಿತು.

ಉಲ್ಲಂಘನೆ ಎಂದು ಬರೆಯಬೇಕಿತ್ತು, ಬರೆಯಲಿಲ್ಲ.
ಮುಂದಿನ ಸಭೆ ಗುರುವಾರ.
ವಿಷಯ: ಬ್ಯಾಂಕಿನ ಫಲಕ, ಅದರ ಹಸಿರು.